ಕಡಿಮೆ ಕೊಡುವ ಕಸುಬು

ಬಾಯಿ, ಗಂಟಲಿನ ಕ್ಯಾನ್ಸರನ್ನು ಗುಣಪಡಿಸಲೆಂದು ಕರೆಂಟು, ಅಂದರೆ ವಿಕಿರಣ, ಕೊಡುವಾಗ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತದೆ: ದಿನಕ್ಕೆ 2 ಗ್ರೇ (ವಿಕಿರಣದ ಅಳತೆ), 35 ಸಲ, ಏಳು ವಾರ, ಒಟ್ಟು 70 ಗ್ರೇ. ಗುಣವಾಗುವ ಹಂತ ದಾಟಿದವರನ್ನು ಅದೇ ಯಂತ್ರದಡಿ ಮಲಗಿಸಿ, ಎಷ್ಟೋ ಸಲ, 20 ಗ್ರೇ ಕೊಟ್ಟು ಐದೇ ದಿನಕ್ಕೆ ಮನೆಗೆ ಕಳಿಸುತ್ತಾರೆ. ಕತಾರಿನ ಅಲ್ ವುಕೈರ್‌ನಲ್ಲಿ ಕೂತು ಉಡುಪಿಯಿಂದಲೋ ಭಟ್ಕಳದಿಂದಲೋ ಫೋನಿನಲ್ಲಿ ಈ ಸುದ್ದಿ ಕೇಳುವ ಮಗನಿಗೆ ಡಾಕ್ಟರು ಕೈಬಿಟ್ಟರು ಎನ್ನಿಸುವುದು ಸಹಜ. ಆದರೆ ಈ ಕಡಿಮೆ ಕೊಡುವುದರಲ್ಲಿರುವ ಹದ ನನಗೆ ಹೆಚ್ಚು ಕೊಡುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಗುರಿ ಬೇರೆ. ಗಡ್ಡೆಯಿಂದ ಒಸರುವ ರಕ್ತ ನಿಲ್ಲಬೇಕು, ನೋವು ತಗ್ಗಬೇಕು, ಗುಟುಕು ನೀರು ಇಳಿಯಬೇಕು, ಹುಣ್ಣಿನ ವಾಸನೆಗೆ ಮೊಮ್ಮಕ್ಕಳು ದೂರ ಸರಿಯುವಂತಾಗಬಾರದು. ಉಳಿದಿರುವುದು ಬಹಳಷ್ಟು ಸಲ ತಿಂಗಳುಗಳ ಲೆಕ್ಕದ ಆಯಸ್ಸು. ಅದರಲ್ಲಿ ಎರಡು ತಿಂಗಳನ್ನು ಚಿಕಿತ್ಸೆಯ ಹುಣ್ಣೇ ತಿಂದುಹಾಕಿದರೆ ಏನು ಬಂತು?

ಹುಣ್ಣು ಏಕಾಗುತ್ತದೆ ಎಂದರೆ, ಬಾಯಿಯ ಒಳಪೊರೆ ಸದಾ ಸವೆಯುತ್ತ, ಕೆಳಗಿನಿಂದ ಹೊಸದಾಗಿ ಹುಟ್ಟುತ್ತ ಇರುತ್ತದೆ. ಒಂದೆರಡು ವಾರದಲ್ಲಿ ಇಡೀ ಪೊರೆ ಬದಲಾಗುತ್ತದೆ. ಕಿರಣ ಹೊಡೆಯುವುದು ತಳದಲ್ಲಿ ಹುಟ್ಟುವ ಕೋಶಗಳನ್ನು. ಮೇಲಿನ ಹಳೆಯ ಪದರ ಸವೆಯುವವರೆಗೆ ಏನೂ ಗೊತ್ತಾಗುವುದಿಲ್ಲ. ಸವೆದ ಮೇಲೆ ಕೆಳಗಿನಿಂದ ಬರಬೇಕಾದದ್ದು ಬರುವುದಿಲ್ಲ, ಬಾಯಿ ಕೆಂಪಾಗಿ ಸುಲಿಯುತ್ತದೆ. ಹಾಗಾಗಿ ಐದು ದಿನದ ಚಿಕಿತ್ಸೆಯಲ್ಲಿ ನಿಜವಾದ ಉರಿ ಶುರುವಾಗುವುದು ಚಿಕಿತ್ಸೆ ಮುಗಿದ ಮೇಲೆ. ಎಮರ್ಜೆನ್ಸಿ ರಜೆ ಹಾಕಿ ಊರಿಗೆ ಹೋದ ಮಗ ಅಪ್ಪನನ್ನು ಮಣಿಪಾಲಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕರೆದೊಯ್ದು, ಎಲ್ಲ ಸುಸೂತ್ರವಾಯಿತೆಂದು ದೋಹಾದ ವಿಮಾನ ಹತ್ತಿರುತ್ತಾನೆ. ಎರಡನೇ ವಾರ ಫೋನು: ‘ಈಗ ಗಂಜಿಯೂ ಇಳಿಯುತ್ತಿಲ್ಲ ಮಾರಾಯ.’ ರೋಗ ಉಲ್ಬಣಿಸಿತು ಎಂದುಕೊಳ್ಳುವವರೇ ಹೆಚ್ಚು. ಬಹುಪಾಲು ಇದು ಹೀಗೇ ಬಂದು, ಎರಡರಿಂದ ನಾಲ್ಕು ವಾರದಲ್ಲಿ ತಣಿಯುವಂಥದ್ದು. ರಜೆ ಹೊಂದಿಸಲು ಸಾಧ್ಯವಿದ್ದರೆ ಕರೆಂಟಿನ ವಾರಕ್ಕಿಂತ ಅದರ ಮುಂದಿನ ವಾರಗಳಿಗೆ ಇಟ್ಟುಕೊಳ್ಳುವುದು ಲೇಸು.

ದಿನಗಳ ಈ ಲೆಕ್ಕವೇ ಕಸುಬಿನ ತಿರುಳು. ದಿಲ್ಲಿಯ ಏಮ್ಸ್ ವೈದ್ಯರು ಐದು ದಿನ, 20 ಗ್ರೇ ಕೊಟ್ಟ 505 ರೋಗಿಗಳ ಅನುಭವವನ್ನು 2004ರಲ್ಲಿ ಪ್ರಕಟಿಸಿದರು. ಮರುವರ್ಷ ಮೆಲ್ಬರ್ನ್‌ನ ಪೀಟರ್ ಮೆಕಲಮ್ ಆಸ್ಪತ್ರೆಯಿಂದ ‘ಕ್ವಾಡ್ ಶಾಟ್’ ವರದಿ ಬಂತು. ದಿನಕ್ಕೆರಡು ಸಲ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು, ಎರಡು ದಿನದಲ್ಲಿ 14 ಗ್ರೇ ಕೊಟ್ಟು ಸುಮ್ಮನಾಗುವುದು. ನಾಲ್ಕು ವಾರ ಬಿಟ್ಟು ನೋಡಿ, ಒಗ್ಗಿದ್ದರೆ ಇನ್ನೊಂದು ಸುತ್ತು, ಒಟ್ಟು ಹೆಚ್ಚೆಂದರೆ ಮೂರು. ಪೊರೆ ಮತ್ತೆ ಹುಟ್ಟಲು ಬೇಕಾಗುವಷ್ಟು ದಿನವನ್ನೇ ನಡುವೆ ಬಿಟ್ಟಿದ್ದಾರೆ, ಗಮನಿಸಿ. ಒಂದೊಂದು ಸಲದ ಪೆಟ್ಟು ದೊಡ್ಡದಾದಷ್ಟೂ ವರ್ಷಗಳಾಚೆ ಕುತ್ತಿಗೆ ಬಿಗಿಯುವ, ದವಡೆ ಮೂಳೆ ಸಾಯುವ ಭಯ ಹೆಚ್ಚು. ಆ ವರ್ಷಗಳು ಬರುವುದು ಅನುಮಾನ ಎಂದು ಗೊತ್ತಿದ್ದೇ ವೈದ್ಯರು ಆ ಸಾಲ ಮಾಡುತ್ತಾರೆ. ಇದನ್ನು ರೋಗಿಯೆದುರು ಬಾಯಿಬಿಟ್ಟು ಹೇಳುವುದು ಮಾತ್ರ ಸುಲಭದ ಕೆಲಸವಲ್ಲ.

ಇನ್ನು ಕೈಕೆಲಸ. ಮುಖ ಅಲುಗದಂತೆ ಹಿಡಿಯುವ ಮುಖವಾಡವನ್ನು ತಯಾರಿಸುವ ಕೋಣೆಯಲ್ಲಿ 70 ಡಿಗ್ರಿ ಸುಮಾರಿನ ಬಿಸಿನೀರಿನ ತೊಟ್ಟಿಯಿರುತ್ತದೆ. ತೂತುತೂತಾದ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಅದರಲ್ಲಿ ಅದ್ದಿದರೆ ಬಣ್ಣ ಕಳೆದುಕೊಂಡು ನಸು ಪಾರದರ್ಶಕವಾಗಿ, ಒದ್ದೆ ಹಪ್ಪಳದಂತೆ ಜೋಲುತ್ತದೆ. ನೀರು ಒರೆಸಿ, ಮುಖದ ಮೇಲೆ ಹಾಸಿ, ಟೆಕ್ನಿಷಿಯನ್ ಬೆರಳುಗಳಿಂದ ಮೂಗಿನ ಏಣು, ಗದ್ದದ ಗುಳಿಯನ್ನು ಒತ್ತಿ ಒತ್ತಿ ಮೂಡಿಸಬೇಕು. ಆರಿ ಗಟ್ಟಿಯಾಗುವ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಬೇಕು. ಊತವಿರುವ ಮುಖವನ್ನು ನೋಯಿಸುವಂತಿಲ್ಲ, ಸಡಿಲ ಬಿಡುವಂತೆಯೂ ಇಲ್ಲ. ನಾಲಿಗೆಯನ್ನೋ ಮೇಲ್ದವಡೆಯನ್ನೋ ಕಿರಣದ ದಾರಿಯಿಂದ ಸರಿಸಲು ಹಲ್ಲುಗಳ ನಡುವೆ ಒಂದು ಅಡ್ಡತುಂಡು ಇಡುತ್ತಾರೆ. ನಮ್ಮ ಕಡೆಯ ಎಷ್ಟೋ ಆಸ್ಪತ್ರೆಗಳಲ್ಲಿ ಸಿರಿಂಜಿನ ಖಾಲಿ ಕೊಳವೆಯೇ ಆ ಅಡ್ಡತುಂಡು. ಕಾಸಿನ ಖರ್ಚಿಲ್ಲದ ಈ ಕೊಳವೆ ಉಳಿಸುವುದು ಅರ್ಧ ಬಾಯಿಯ ರುಚಿಯನ್ನು.

ಕತಾರಿನಲ್ಲೇ ಚಿಕಿತ್ಸೆಯಾದರೆ ಅಲ್ ವುಕೈರ್‌ನವರು ದೋಹಾಕ್ಕೆ ಹೋಗಬೇಕು. ಹಮದ್ ವೈದ್ಯಕೀಯ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಇರುವುದು ಅಲ್ಲಿ. 2004ರಲ್ಲಿ ಅಲ್ ಅಮಲ್ ಎಂಬ ಹೆಸರಿನಲ್ಲಿ ತೆರೆದದ್ದು. ಮನೆಗೆ ಬಂದ ಮೇಲಿನ ತೊಂದರೆ ಮಾತ್ರ ಈ ಊರಿನದೇ. ಬೇಸಿಗೆಯಲ್ಲಿ ಹಗಲಿರುಳೂ ಎಸಿ ಓಡುತ್ತದೆ, ಕೋಣೆಯ ಗಾಳಿ ಒಣಗುತ್ತದೆ. ಕಿರಣ ತಾಗಿದ ಜೊಲ್ಲುಗ್ರಂಥಿ ಮೊದಲ ವಾರದಲ್ಲೇ ಸೋಲತೊಡಗುವುದರಿಂದ ಜೊಲ್ಲು ಕಡಿಮೆಯಾಗಿ, ಉಳಿದದ್ದು ಅಂಟಂಟಾಗುತ್ತದೆ. ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ. ಹಾಸಿಗೆ ಪಕ್ಕ ನೀರಿನ ಬಾಟಲಿ, ಕೋಣೆಯಲ್ಲಿ ತೇವ ಉಳಿಸುವ ಯಂತ್ರ ಇದ್ದರೆ ಒಳ್ಳೆಯದು.

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸುವುದು ಎಲ್ಲ ನರ್ಸುಗಳೂ ಹೇಳುವ ಮಾತು. ಅಂಗಡಿಯ ಖಾರದ ಮೌತ್‌ವಾಶ್ ಬೇಡ, ಅದರಲ್ಲಿರುವ ಆಲ್ಕೋಹಾಲು ಉರಿಸುತ್ತದೆ. ಬಾಯಿಯ ನೋವು ತಗ್ಗಿಸುವ ಬೆಂಜಿಡಮೈನ್ ದ್ರವವನ್ನು ವೈದ್ಯರೇ ಬರೆದುಕೊಡಬಹುದು. ಕುಚ್ಚಲಕ್ಕಿ ಗಂಜಿಗೆ ಬೆಣ್ಣೆ ಹಾಕಿ, ಆರಿಸಿ ಕೊಡಿ. ಉಪ್ಪಿನಕಾಯಿಯ ಆಸೆ ಕೆಲವು ವಾರ ತಡೆಯಲಿ. ಕುತ್ತಿಗೆಯ ಕಪ್ಪಾದ ಚರ್ಮಕ್ಕೆ ವಿಕ್ಸ್, ಅತ್ತರು ಸೋಕಿಸಬಾರದು, ಬ್ಲೇಡೂ ಬೇಡ. ಹುಣ್ಣಿನ ಮೇಲೆ ಕೆನೆಯಂಥ ಬಿಳಿ ಪೊರೆ ಕಂಡರೆ ಶಿಲೀಂಧ್ರ ಕೂತಿರಬಹುದು, ಅದಕ್ಕೆ ಬೇರೆ ಮಾತ್ರೆ ಇದೆ. ಉಸಿರಾಡಲು ಕಷ್ಟವಾದರೆ ಮಾತ್ರ ಕಾಯುವ ಮಾತೇ ಇಲ್ಲ. ಮೊದಲ ದಿನಗಳಲ್ಲಿ ಗಡ್ಡೆ ಊದಿಕೊಂಡು ಗಾಳಿಯ ದಾರಿ ಮುಚ್ಚಬಹುದು.

ನಾಲ್ಕು ವಾರದ ಮೇಲೆ ವೈದ್ಯರು ಟಾರ್ಚು ಹಿಡಿದು ಬಾಯೊಳಗೆ ನೋಡುತ್ತಾರೆ. ಪೊರೆ ಬೆಳೆದಿದೆಯೇ, ತೂಕ ನಿಂತಿದೆಯೇ, ರಕ್ತ ನಿಂತಿದೆಯೇ? ಮಾರ್ಫಿನ್ ಎಷ್ಟಕ್ಕೆ ಇಳಿದಿದೆ? ಆಮೇಲೆ ಅಪ್ಪನನ್ನೇ ಕೇಳಬೇಕು, ಇನ್ನೊಂದು ಸುತ್ತು ಬೇಕೇ ಎಂದು. ಬೇಡ ಎಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ನೋವಿನ ಔಷಧಿಯೂ ಬಾಯಿಯ ಆರೈಕೆಯೂ ಮುಂದುವರಿಯುತ್ತವೆ.