ಚವದಾರ್ ಕೆರೆ: ನಿರ್ಣಯ ಪಾಸಾದ ಮೇಲೆ ಏನಾಯ್ತು?

ಕಳೆದ ವಿಡಿಯೋದಲ್ಲಿ ಅಮೆರಿಕದ ವಿಚಾರ ಹೇಳಿದ್ದೆ. ಶಾಲೆಗಳಲ್ಲಿ ಕಪ್ಪು-ಬಿಳಿ ಅಂತ ಮಕ್ಕಳನ್ನ ಬೇರೆ ಕೂರಿಸುವಂತಿಲ್ಲ ಎಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಏನು ಮಾಡ್ತು? 1959ರಲ್ಲಿ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಮತ್ತೆ ತೆರೆದದ್ದು 1964ರಲ್ಲಿ. "ಹೀಗೂ ಮಾಡ್ತಾರಾ ಸರ್?" ಅಂತ ಕೇಳಿದ್ರಿ. ನಮ್ಮ ವಿಕ್ರೋಳಿಯಿಂದ ಪನ್ವೇಲ್ ದಾಟಿ ಗೋವಾ ಹೆದ್ದಾರಿ ಹಿಡಿದ್ರೆ ಮಹಾಡ್ ಸಿಗುತ್ತೆ. ಅಲ್ಲಿಯ ಕಥೆ ಇದಕ್ಕಿಂತ ಮೂವತ್ತು ವರ್ಷ ಹಳೇದು.

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರ ನಿರ್ಣಯ ಪಾಸಾಯ್ತು. ಸಾರ್ವಜನಿಕ ದುಡ್ಡಿನಿಂದ ನಡೆಯೋ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳಲ್ಲಿ ಅಸ್ಪೃಶ್ಯರಿಗೂ ಪ್ರವೇಶ ಇರಬೇಕು ಅಂತ. ಮರುವರ್ಷ ಮಹಾಡ್ ಪುರಸಭೆಯೂ ಒಪ್ಪಿತು. ಒಪ್ಪಿದ್ದು ಕಾಗದದ ಮೇಲೆ ಮಾತ್ರ. ಕೆರೆಗೆ ಕೊಡ ಇಳಿಸೋ ಧೈರ್ಯ ಯಾರಿಗೂ ಬರದ ಹಾಗೆ ಊರು ನೋಡಿಕೊಂಡಿತು.

1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಆಮೇಲೆ "ಇವರು ವೀರೇಶ್ವರ ಗುಡಿಗೂ ನುಗ್ತಾರೆ" ಅಂತ ಸುಳ್ಳು ಸುದ್ದಿ ಹಬ್ಬಿಸಿ, ಊಟಕ್ಕೆ ಕೂತವರನ್ನ ಹೊಡೆದರು. ಕೆರೆಗೆ ಸಗಣಿ, ಗಂಜಲ ಸುರಿದು ಶುದ್ಧೀಕರಣವೂ ಆಯ್ತು.

ದೊಣ್ಣೆಯ ಮಾತು ಎಲ್ಲರಿಗೂ ನೆನಪಿರುತ್ತೆ. ಆದ್ರೆ ನನಗೆ ಹೆಚ್ಚು ಭಯ ಹುಟ್ಟಿಸೋದು ಅದರ ನಂತರದ, ಬಿಳಿ ಬಟ್ಟೆಯ ಕೆಲಸ. ಅದೇ ವರ್ಷ ಆಗಸ್ಟ್‌ನಲ್ಲಿ ಪುರಸಭೆ ಸಭೆ ಸೇರಿ ತನ್ನ ಹಳೇ ನಿರ್ಣಯವನ್ನೇ ರದ್ದು ಮಾಡ್ತು. ಡಿಸೆಂಬರ್‌ನಲ್ಲಿ ಎರಡನೇ ಸತ್ಯಾಗ್ರಹ ಅಂದಾಗ, ಸವರ್ಣರು ಕೋರ್ಟಿಗೆ ಹೋಗಿ "ಇದು ಸಾರ್ವಜನಿಕ ಕೆರೆ ಅಲ್ಲ, ಅನಾದಿ ಕಾಲದಿಂದ ನಮ್ಮದೇ ರೂಢಿ" ಅಂತ ದಾವೆ ಹಾಕಿ ತಡೆಯಾಜ್ಞೆ ತಂದರು. ಜನ ಆಗಲೇ ಬಂದು ಸೇರ್ತಾ ಇದ್ರು. ಅಂಬೇಡ್ಕರ್ ಆಜ್ಞೆ ಮೀರಲಿಲ್ಲ, ಕೆರೆಗೆ ಹೋಗೋದನ್ನ ನಿಲ್ಲಿಸಿದರು. ಮನುಸ್ಮೃತಿ ಸುಟ್ಟದ್ದು ಆ ಡಿಸೆಂಬರ್ 25ರಂದೇ.

ಅಲ್ಲಿ ಶಾಲೆಗೆ ಬೀಗ, ಇಲ್ಲಿ ಕೆರೆಗೆ ದಾವೆ. ಮುಸ್ಲಿಮರು ಅದೇ ಕೆರೆಯ ನೀರು ಬಳಸ್ತಿದ್ರು, ಅದಕ್ಕೆ ತಕರಾರಿರಲಿಲ್ಲ ಅನ್ನೋದನ್ನೂ ಗಮನಿಸಿ. ರೂಢಿ ಸಾಬೀತಾಗಿಲ್ಲ ಎಂದು ಮುಂಬಯಿ ಹೈಕೋರ್ಟ್ ಕೊನೆಗೆ ಹೇಳಿದ್ದು 1937ರ ಮಾರ್ಚ್ 17ರಂದು. ಒಂದು ಬೊಗಸೆ ನೀರು ಕುಡಿದು ಹತ್ತು ವರ್ಷ ಆಗೋಕೆ ಮೂರೇ ದಿನ ಬಾಕಿ ಇತ್ತು.