ಉಬ್ಬಸವೂ ಇನ್ಹೇಲರೂ

ಕಾರವಾರ, ಅಂಕೋಲೆಗಳಲ್ಲಿ ಮಳೆ ಹಿಡಿಯಿತೆಂದರೆ ಗೋಡೆಗೆ ಬೂಷ್ಟು ಹತ್ತುತ್ತದೆ. ಕಟ್ಟಿಗೆ ಒಲೆಯ ಮನೆಗಳಲ್ಲಿ ಹಸಿಸೌದೆಯ ಹೊಗೆ ತುಂಬುತ್ತದೆ. ಉಬ್ಬಸದವರಿಗೆ ಇದು ಕಷ್ಟಕಾಲ. ಇಂಥವರಿಗೆ ವೈದ್ಯರು ಕೊಡುವ ಇನ್ಹೇಲರ್ ಬಹುಕಾಲ ಗುಣ ಕೊಡುವುದೇ, ಬರಿಯ ಚಟವಾಗುವುದೇ ಎಂಬುದು ಅನೇಕರ ಸಂದೇಹ.

ಉತ್ತರವು ಅದರೊಳಗಿನ ಔಷಧದಲ್ಲಿದೆ. 1969ರಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಬಿಗಿದ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ನಾಲ್ಕಾರು ಗಂಟೆಗಳಲ್ಲಿ ಅದರ ಬಲ ತೀರುತ್ತದೆ. ನಾಳದೊಳಗಿನ ಬಾವು ಹಾಗೆಯೇ ಉಳಿಯುತ್ತದೆ. 1972ರಲ್ಲಿ ಬಂದ ಬೆಕ್ಲೊಮೆಥಸೋನ್ ಮೊದಲಾದ ಸ್ಟೆರಾಯ್ಡುಗಳು ಆ ಬಾವನ್ನೇ ಶಮನಗೊಳಿಸುತ್ತವೆ. ಇವು ಚಟ ಹಿಡಿಸುವುದಿಲ್ಲ. ಇವನ್ನು ತಪ್ಪದೆ ಸೇದಿದವರಲ್ಲಿ ಉಬ್ಬಸದ ಸಾವು ಕಡಿಮೆಯೆಂದೂ, ನಿಲ್ಲಿಸಿದವರಿಗೆ ಮೊದಲ ಮೂರು ತಿಂಗಳಲ್ಲಿ ಅಪಾಯ ಹೆಚ್ಚೆಂದೂ ಕೆನಡಾದ ರೋಗಿಗಳ ಅಧ್ಯಯನವೊಂದು 2000ದಲ್ಲಿ ತೋರಿಸಿತು.

ಬೀಡಿ ಮತ್ತು ಒಲೆಯ ಹೊಗೆಯಿಂದ ಪುಪ್ಪುಸವೇ ಸವೆದವರ ಸ್ಥಿತಿ ಬೇರೆ. ಟಯೋಟ್ರೋಪಿಯಂ ಔಷಧವನ್ನು ನಾಲ್ಕು ವರ್ಷ ಕೊಟ್ಟು ನೋಡಿದ ಪರೀಕ್ಷೆಯ ಫಲ 2008ರಲ್ಲಿ ಪ್ರಕಟವಾಯಿತು: ರೋಗ ಉಲ್ಬಣಿಸುವುದು ಕಡಿಮೆಯಾಯಿತು, ಸವೆತದ ವೇಗ ಮಾತ್ರ ತಗ್ಗಲಿಲ್ಲ. ಆ ವೇಗವನ್ನು ತಗ್ಗಿಸುವುದು ಬೀಡಿ ಬಿಡುವುದರಿಂದಲೇ. ಹೊಗೆಯಿಲ್ಲದ ಅಡಿಗೆಮನೆಯೂ ಬೇಕು.

ಸ್ಟೆರಾಯ್ಡ್ ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ಇಲ್ಲವಾದರೆ ಬಾಯಲ್ಲಿ ಹುಣ್ಣಾಗಬಹುದು. ಮಳೆ ನಿಂತಿತು, ಉಸಿರು ಸರಾಗವಾಯಿತು ಎಂದು ವೈದ್ಯರನ್ನು ಕೇಳದೆ ಔಷಧ ಬಿಡಬಾರದು. ಉಸಿರು ಸರಾಗವಾದದ್ದು ಆ ಔಷಧದ ಫಲವೇ ಆಗಿರಬಹುದು.