ಗೋಡೆಯಾಗಿ ನಿಂತ ಮರಗಳು

ಅಂಗಡಿಯ ಮುಂಗೋಡೆಯನ್ನು ಅಲಂಕರಿಸುವುದು ಹಳೆಯ ವಾಡಿಕೆ. ಸಾಮಾನ್ಯವಾಗಿ ಒಳಗಿನ ಕಂಬತೊಲೆಗಳು ಭಾರವನ್ನು ಹೊರುತ್ತವೆ. ಹೊರಗಿನ ಚಿತ್ತಾರ ಕಣ್ಣಿಗೆ ಮಾತ್ರ. ಆ ಚಿತ್ತಾರವೇ ಕಟ್ಟಡವನ್ನು ಹೊರಬಲ್ಲುದೆ? ಬಲ್ಲುದು ಎಂಬುದಕ್ಕೆ ಜಪಾನಿನ ಟೋಕಿಯೋ ನಗರದಲ್ಲಿ ನಿದರ್ಶನವೊಂದುಂಟು.

ಅಲ್ಲಿನ ಒಮೊಟೆಸಾಂಡೊ ಬೀದಿಯ ಇಕ್ಕೆಲಗಳಲ್ಲಿ ಕೆಯಾಕಿ ಎಂಬ ಮರಗಳ ಸಾಲಿದೆ. ಬೆಲೆಬಾಳುವ ಪಾದರಕ್ಷೆ, ಕೈಚೀಲಗಳನ್ನು ತಯಾರಿಸುವ ಇಟಲಿಯ ಟಾಡ್ಸ್ ಸಂಸ್ಥೆಗಾಗಿ ವಾಸ್ತುಶಿಲ್ಪಿ ಟೊಯೊ ಇಟೊ ಅವರು ಯೋಜಿಸಿದ ಏಳಂತಸ್ತಿನ ಕಟ್ಟಡವು ಇಲ್ಲಿಯೇ 2004ರಲ್ಲಿ ಪೂರ್ಣಗೊಂಡಿತು. ಒಂಬತ್ತು ಮರಗಳ ನೆರಳುಚಿತ್ರಗಳನ್ನು ಒಂದರ ಮೇಲೊಂದು ಹೆಣೆದು, ಅದನ್ನೇ ಅವರು ಕಟ್ಟಡದ ಸುತ್ತ ಗೋಡೆಯಾಗಿ ನಿಲ್ಲಿಸಿದರು. ಕೊಂಬೆಗಳು 30 ಸೆಂಟಿಮೀಟರ್ ದಪ್ಪದ ಕಾಂಕ್ರೀಟು. ಅವುಗಳ ನಡುವಣ ಸಂದುಗಳಲ್ಲಿ ಗಾಜು, ಇಲ್ಲವೆ ಅಲ್ಯೂಮಿನಿಯಂ ಹಲಗೆ.

ಮರದ ಆಕಾರವೇ ಏಕೆ? ಕಟ್ಟಡದ ಭಾರ ಕೆಳಗಿಳಿದಂತೆಲ್ಲ ಕೂಡಿಕೊಳ್ಳುತ್ತ ಹೋಗುತ್ತದೆ. ಆದುದರಿಂದ ಬುಡದಲ್ಲಿ ದಪ್ಪ ಕಾಂಡ ಬೇಕು, ತುದಿಯಲ್ಲಿ ತೆಳುವಾದ ಕೊಂಬೆಗಳು ಸಾಕು. ಇನ್ನೊಂದು ಲಾಭವನ್ನು ನಾವು ಮನೆಯಲ್ಲಿಯೇ ಪರೀಕ್ಷಿಸಬಹುದು. ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಮೊಳೆಯಿಂದ ಚೌಕವಾಗಿ ಜೋಡಿಸಿ ತಳ್ಳಿದರೆ ಅದು ಓರೆಯಾಗುತ್ತದೆ. ಮೂರು ಪಟ್ಟಿಗಳ ತ್ರಿಕೋನ ಜಗ್ಗುವುದಿಲ್ಲ. ಓರೆಯಾಗಿ ಹೆಣೆದ ಕೊಂಬೆಗಳೂ ಹಾಗೆಯೇ ಪಕ್ಕದ ನೂಕನ್ನು ತಡೆಯುತ್ತವೆ. ಭೂಕಂಪಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಹೀಗಾಗಿ 10ರಿಂದ 15 ಮೀಟರ್ ಅಗಲದ ಅಂತಸ್ತುಗಳ ನಡುವೆ ಒಂದು ಕಂಬವೂ ಬೇಕಾಗಲಿಲ್ಲ.

ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳಲಾರದು. ಎಳೆತವನ್ನು ಒಳಗಿನ ಉಕ್ಕಿನ ಕಂಬಿಗಳು ವಹಿಸಿಕೊಳ್ಳುತ್ತವೆ. ಕೊಂಬೆಗಳು ಕೂಡುವೆಡೆ ಹಲವು ದಿಕ್ಕಿನ ಕಂಬಿಗಳು ಒತ್ತೊತ್ತಾಗಿ ಸೇರುತ್ತವೆ. ಅಲ್ಲಿ ಜಲ್ಲಿ ಸಿಕ್ಕಿಕೊಂಡು ಪೊಳ್ಳು ಉಳಿದರೆ, ಬಲ ಬೇಕಾದೆಡೆಯಲ್ಲಿಯೇ ಗೋಡೆ ದುರ್ಬಲವಾಗುತ್ತದೆ.

ಅಚ್ಚಿನ ಕೆಲಸವಂತೂ ಇನ್ನೂ ನಾಜೂಕು. ಹಸಿ ಕಾಂಕ್ರೀಟು ಘನಮೀಟರಿಗೆ ಸುಮಾರು 2,400 ಕಿಲೋಗ್ರಾಂ ತೂಗುತ್ತದೆ. ದ್ರವದಂತೆ ಪಕ್ಕಕ್ಕೂ ಒತ್ತುತ್ತದೆ. 3 ಮೀಟರ್ ಎತ್ತರಕ್ಕೆ ಒಮ್ಮೆಗೇ ಸುರಿದರೆ, ಬುಡದಲ್ಲಿ ಚದರ ಮೀಟರಿಗೆ 7 ಟನ್ನಿನವರೆಗೆ ಒತ್ತಡ ಬೀಳಬಹುದು. ಅಚ್ಚು ತುಸು ಉಬ್ಬಿದರೂ ಕೊಂಬೆಯ ಅಂಚು ಕೆಡುತ್ತದೆ, ಅಳತೆಗೆ ಕತ್ತರಿಸಿದ ಗಾಜು ಕೂರುವುದಿಲ್ಲ. ಗೋಡೆ ಬಾಗಿದ್ದರೆ ಅಚ್ಚೂ ಬಾಗಬೇಕು. ಅದಕ್ಕಾಗಿ ಇಂದು ಕಂಪ್ಯೂಟರಿನ ನಿರ್ದೇಶನದಂತೆ ಥರ್ಮೊಕೋಲಿನ ದಿಮ್ಮಿಗಳನ್ನು ಯಂತ್ರಗಳು ಕೊರೆದುಕೊಡುತ್ತವೆ. ಆದರೆ ಒಮ್ಮೆ ಗಟ್ಟಿಯಾದ ಕಾಂಕ್ರೀಟನ್ನು ಮರಳಿ ಕರಗಿಸುವ ಉಪಾಯವಿಲ್ಲ.

ಆದುದರಿಂದ ಸುಂದರವಾದ ಮುಂಗೋಡೆಯೊಂದನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕಟ್ಟಡದ ಭಾರ ಯಾವ ದಾರಿಯಿಂದ ನೆಲವನ್ನು ಸೇರುತ್ತಿದೆ?